ಏರಿಸಿದವರೇ ಇಳಿಸಬೇಕು

ಬ್ಯಾಕಪ್ ನಡೆಯುವುದು ರಾತ್ರಿ. ಅದನ್ನು ನೋಡುವವರು ಕಚೇರಿಗೆ ಬರುವುದು ಬೆಳಿಗ್ಗೆ ಹತ್ತಕ್ಕೆ. ನಡುವೆ ಏನಾಯಿತು ಎಂದು ತಿಳಿಯಲು ಇರುವುದು ಲಾಗ್ ಒಂದೇ. ಆ ಲಾಗ್ ಎಷ್ಟು ಮಾತಾಡಬೇಕು ಎಂದು ನಿಗದಿ ಮಾಡುವ ಅಂಕಿಯೊಂದು ಪ್ರತಿ ಬ್ಯಾಕಪ್ ತಂತ್ರಾಂಶದಲ್ಲೂ ಎಲ್ಲೋ ಮೂಲೆಯಲ್ಲಿ ಕೂತಿರುತ್ತದೆ. ಅದಕ್ಕೇ ಲಾಗ್ ಲೆವೆಲ್ ಅನ್ನುತ್ತಾರೆ. ನನ್ನ ದುಡಿಮೆಯ ದೊಡ್ಡ ಪಾಲು ಆ ಅಂಕಿಯ ಜೊತೆಗೇ ಕಳೆದಿದೆ. ಮೊದಲು ಪುಣೆಯ ಒಂದು ಡೇಟಾ ಸೆಂಟರಿನಲ್ಲಿದ್ದೆ. ಈಗ ವಿಜಯಪುರದಲ್ಲಿದ್ದುಕೊಂಡು ತಿಕೋಟಾ, ಬಬಲೇಶ್ವರ, ನಮ್ಮ ಜೈನಾಪುರದ ಕಡೆಯ ಪತ್ತಿನ ಸಂಘ, ಆಸ್ಪತ್ರೆ, ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್, ಸಕ್ಕರೆ ಕಾರ್ಖಾನೆಗಳ ಸರ್ವರ್ ನೋಡಿಕೊಳ್ಳುತ್ತೇನೆ.

ಬ್ಯಾಕಪ್, ಲಾಗ್ ಎಂಬುದೆಲ್ಲ ಬೆಂಗಳೂರಿನ ದೊಡ್ಡ ಕಂಪನಿಗಳ ಮಾತು ಎಂದು ನಮ್ಮ ಕಡೆ ಬಹಳ ಜನ ಅಂದುಕೊಂಡಿದ್ದರು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ 2,516 ಕೋಟಿ ರೂಪಾಯಿ ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಹಳ್ಳಿಯ ಸಂಘದ ಕಾರ್ಯದರ್ಶಿಯೂ "ನಮ್ಮ ಡೇಟಾ ಎಲ್ಲಿ ಇರ್ತೈತ್ರಿ, ಹೋದ್ರ ಯಾರ ಜವಾಬ್ದಾರಿ" ಎಂದು ಕೇಳತೊಡಗಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ, ಹುಡುಗಿಯರಿಗೆ ನಾನು ಹೇಳಿಕೊಡುವ ಸಂಗತಿಗಳು ಇಲ್ಲಿವೆ.

1. ಅಂಕಿ ಹೇಳುವ ಮೊದಲು ತಂತ್ರಾಂಶದ ಹೆಸರು ಹೇಳಿ

"ಲೆವೆಲ್ 5ಕ್ಕೆ ಇಡ್ರಿ" ಎಂದು ಫೋನಿನಲ್ಲಿ ಹೇಳುವವರು ಬಹಳ. ಯಾವ 5? ಅಮೆರಿಕದ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ 1980ರ ದಶಕದಲ್ಲಿ ಸೆಂಡ್‌ಮೇಲ್ ಎಂಬ ಇ-ಮೇಲ್ ತಂತ್ರಾಂಶಕ್ಕಾಗಿ ಸಿಸ್‌ಲಾಗ್ ಬರೆದರು. ಆ ಪದ್ಧತಿಯಲ್ಲಿ 0ರಿಂದ 7ರವರೆಗೆ ಎಂಟು ಲೆವೆಲ್‌ಗಳಿವೆ. 0 ಎಂದರೆ ವ್ಯವಸ್ಥೆಯೇ ಕುಸಿದಿದೆ, 3 ಎಂದರೆ ದೋಷ, 4 ಎಚ್ಚರಿಕೆ, 7 ಎಂದರೆ ಡಿಬಗ್, ಅಂದರೆ ದೋಷ ಹುಡುಕಲು ಬರೆಸುವ ಪ್ರತಿ ಸಣ್ಣ ವಿವರ. ಅಂಕಿ ಸಣ್ಣದಾದಷ್ಟು ಸಂಗತಿ ಗಂಭೀರ. ಅಲ್ಲಿ 5 ಎಂದರೆ ಬರೀ ಗಮನಕ್ಕೆ ತಂದ ಸೂಚನೆ. ನೆಟ್‌ಬ್ಯಾಕಪ್ ಎಂಬ ಬ್ಯಾಕಪ್ ತಂತ್ರಾಂಶದ ಹಳೆ ಮಾದರಿಯ ಲಾಗ್‌ನಲ್ಲಿ 0ರಿಂದ 5ರವರೆಗೆ ಮಾತ್ರ ಇದೆ, ಹಾಗಾಗಿ ಅಲ್ಲಿ 5 ಎಂದರೆ ಗಂಟಲು ಪೂರ್ತಿ ಬಿಟ್ಟ ಹಾಗೆ. ಅದೇ ತಂತ್ರಾಂಶದ ಏಕೀಕೃತ ಲಾಗ್‌ನಲ್ಲಿ 6ರವರೆಗೂ ಹೋಗಬಹುದು. ಕಾಮ್‌ವಾಲ್ಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಪ್ರತಿ ಪ್ರಕ್ರಿಯೆಗೂ ಬೇರೆ ಬೇರೆಯಾಗಿ 10ರವರೆಗೆ ಏರಿಸಬಹುದು. 2000ದಲ್ಲಿ ಕರ್ನ್ ಸಿಬಾಲ್ಡ್ ಶುರುಮಾಡಿದ ಬಾಕ್ಯುಲಾದಲ್ಲಿ ನೂರು, ಇನ್ನೂರು ಎಂದು ಬರೆಯುತ್ತಾರೆ, ಅಲ್ಲಿ 5 ಇಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಐಬಿಎಂನವರ ಬ್ಯಾಕಪ್ ತಂತ್ರಾಂಶದ್ದು ಇನ್ನೊಂದು ದಾರಿ. ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ, ಆ ಸಂಖ್ಯೆಯ ಕೊನೆಗೆ ಒಂದು ಅಕ್ಷರ: ಐ ಎಂದರೆ ಮಾಹಿತಿ, ಡಬ್ಲ್ಯೂ ಎಂದರೆ ಎಚ್ಚರಿಕೆ, ಇ ಎಂದರೆ ದೋಷ.

ಅದಕ್ಕೇ ನಮ್ಮ ದಾಖಲೆ ಪುಸ್ತಕದಲ್ಲಿ ಬರೀ ಅಂಕಿ ಬರೆಯಲು ಬಿಡುವುದಿಲ್ಲ. ತಂತ್ರಾಂಶ, ಪ್ರಕ್ರಿಯೆ, ಅಂಕಿ, ಮೂರೂ ಒಂದೇ ಸಾಲಿನಲ್ಲಿರಬೇಕು.

2. ಓದುವವರು ಯಾರು ಎಂದು ನೋಡಿ ಲೆವೆಲ್ ಇಡಿ

ಒಂದೇ ಬ್ಯಾಕಪ್‌ಗೆ ಮೂರು ತರಹದ ಓದುಗರಿರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಲೆಕ್ಕಿಗರಿಗೆ ಬೇಕಾದದ್ದು "ಆಗಿದೆ" ಅಥವಾ "ಆಗಿಲ್ಲ", ಅಷ್ಟೇ. ನನ್ನಂಥವನಿಗೆ ಬೇಕಾದದ್ದು ಯಾವ ಜಾಬ್, ಅಂದರೆ ಯಾವ ಬ್ಯಾಕಪ್ ಕೆಲಸ, ಎಷ್ಟಕ್ಕೆ ಶುರುವಾಯಿತು, ಎಷ್ಟು ಜಿಬಿ ಹೋಯಿತು, ಯಾವ ಫೈಲ್ ಬಿಟ್ಟಿತು ಎಂಬುದು. ಡಿಬಗ್ ಸಾಲುಗಳು ಬೇಕಾಗುವುದು ತಂತ್ರಾಂಶ ಬರೆದ ಕಂಪನಿಯ ಸಪೋರ್ಟ್ ಎಂಜಿನಿಯರ್‌ಗೆ, ಅದೂ ವರ್ಷಕ್ಕೆ ಕೆಲವೇ ಸಲ. ಮೂರನೆಯವರಿಗಾಗಿ ಮೊದಲಿಬ್ಬರ ಕಣ್ಣು ಕಟ್ಟಬಾರದು. ಕಾರ್ಖಾನೆಯಿಂದ ಬಂದ ಡೀಫಾಲ್ಟ್ ಲೆವೆಲ್ ಬಹುತೇಕ ಎರಡನೆಯವನಿಗೆ ಸರಿಯಾಗಿರುತ್ತದೆ. ಅದನ್ನು ಮುಟ್ಟದೆ ಇರುವುದೂ ಒಂದು ನಿರ್ಧಾರ ಎಂದು ಹೊಸಬರು ಒಪ್ಪುವುದಿಲ್ಲ. ಏನೋ ಬದಲಾಯಿಸಿದರೇ ಕೆಲಸ ಮಾಡಿದಂತೆ ಅವರಿಗೆ.

3. ಎಲ್ಲವನ್ನೂ ಏರಿಸಬೇಡಿ, ಒಂದನ್ನು ಏರಿಸಿ

ಬ್ಯಾಕಪ್ ಎಂದರೆ ಒಂದೇ ಪ್ರೋಗ್ರಾಂ ಅಲ್ಲ. ನೆಟ್‌ಬ್ಯಾಕಪ್ ಅನ್ನೇ ತೆಗೆದುಕೊಳ್ಳಿ. ಯಾವ ಜಾಬ್ ಯಾವ ಹೊತ್ತಿಗೆ ಎಂದು ಲೆಕ್ಕ ಹಾಕುವುದು ಒಂದು ಪ್ರಕ್ರಿಯೆ. ಜಾಬ್ ಶುರುಮಾಡುವುದು ಇನ್ನೊಂದು. ಟೇಪ್ ಇಲ್ಲವೇ ಡಿಸ್ಕ್ ಹಂಚುವುದು ಮತ್ತೊಂದು. ಆಚೆ ಕಡೆಯ ಯಂತ್ರದಲ್ಲಿ ಕೂತು ಫೈಲ್ ಓದುವುದು ಬಿಪಿಬಿಕಾರ್, ಈಚೆ ಕಡೆ ಬರೆಯುವುದು ಬಿಪಿಟಿಎಂ, ನಡುವೆ ಇಬ್ಬರನ್ನೂ ನೋಡಿಕೊಳ್ಳುವುದು ಬಿಪಿಬಿಆರ್‌ಎಂ. ಎಲ್ಲವನ್ನೂ ಒಮ್ಮೆಲೇ 5ಕ್ಕೆ ಏರಿಸಿದರೆ ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಪ್ರವಾಸಕ್ಕೆ ಬಂದ ನಾಲ್ಕು ಶಾಲೆಯ ಮಕ್ಕಳು ಕೂಡಿ ಕೂಗಿದ ಹಾಗೆ: ಸದ್ದು ಭರ್ತಿ, ಯಾರ ಮಾತೂ ತಿಳಿಯುವುದಿಲ್ಲ.

ಎಲ್ಲಿ ಏರಿಸಬೇಕು ಎಂಬುದನ್ನು ದೋಷದ ಸಂಖ್ಯೆಯೇ ಹೇಳುತ್ತದೆ. 196 ಬಂದರೆ ಜಾಬ್‌ಗೆ ಕೊಟ್ಟ ಹೊತ್ತು ಮುಗಿಯುವವರೆಗೂ ಅದಕ್ಕೆ ಸರದಿ ಸಿಕ್ಕಿಲ್ಲ ಎಂದರ್ಥ. ಅಲ್ಲಿ ಫೈಲ್ ಓದುವ ಪ್ರಕ್ರಿಯೆಯ ಲಾಗ್ ತೆಗೆದು ಕೂತರೆ ದಿನ ಹಾಳು, ನೋಡಬೇಕಾದದ್ದು ವೇಳಾಪಟ್ಟಿ ಮತ್ತು ಸಂಪನ್ಮೂಲ ಹಂಚುವ ಕಡೆ. 58 ಬಂದರೆ ಆಚೆ ಯಂತ್ರ ಸಿಕ್ಕಿಲ್ಲ. ನಮ್ಮ ಭಾಗದಲ್ಲಿ ಎಷ್ಟೋ ಸಲ ಅದರ ಮೂಲ ರಸ್ತೆ ಪಕ್ಕದ ಅಗೆತ. ನೀರಾವರಿ ಪೈಪ್ ಹಾಕುವ ಜೆಸಿಬಿ ಫೈಬರ್ ಕೇಬಲ್ ಕಡಿದಿರುತ್ತದೆ. 84 ಬಂದರೆ ಬರೆಯುವ ಕಡೆ ತೊಂದರೆ, ಬಿಪಿಟಿಎಂ ಒಂದನ್ನೇ ಏರಿಸಿ.

ಇನ್ನೊಂದು ಸಣ್ಣ ಗುಟ್ಟು. ನೆಟ್‌ಬ್ಯಾಕಪ್‌ನ ಹಳೆ ಮಾದರಿಯ ಲಾಗ್‌ಗೆ ಆ ಪ್ರಕ್ರಿಯೆಯ ಹೆಸರಿನ ಫೋಲ್ಡರ್ ಇರಲೇಬೇಕು. ಫೋಲ್ಡರ್ ಇಲ್ಲದಿದ್ದರೆ ಲೆವೆಲ್ ಎಷ್ಟು ಏರಿಸಿದರೂ ಒಂದಕ್ಷರ ಬರೆಯುವುದಿಲ್ಲ. ಎಲ್ಲ ಫೋಲ್ಡರ್‌ಗಳನ್ನೂ ಒಂದೇ ಸಲಕ್ಕೆ ಮಾಡಿಕೊಡುವ ಸ್ಕ್ರಿಪ್ಟ್ ಕಂಪನಿಯವರೇ ಕೊಟ್ಟಿದ್ದಾರೆ. ನಾನು ಅದನ್ನು ಓಡಿಸಲು ಬಿಡುವುದಿಲ್ಲ. ಬೇಕಾದ ಒಂದು ಫೋಲ್ಡರ್ ಕೈಯಿಂದ ಮಾಡಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

4. ಏರಿಸಿದರೆ ನೆನಪು ಗಿಡ್ಡವಾಗುತ್ತದೆ

ಇದನ್ನು ಯಾವ ತರಬೇತಿಯಲ್ಲೂ ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಲಾಗ್ ಫೈಲ್‌ಗಳಿಗೆ ಗಾತ್ರದ ಮಿತಿ, ಸಂಖ್ಯೆಯ ಮಿತಿ ಎರಡೂ ಇರುತ್ತವೆ. ನೆಟ್‌ಬ್ಯಾಕಪ್‌ನ ಏಕೀಕೃತ ಲಾಗ್‌ನಲ್ಲಿ ಡೀಫಾಲ್ಟ್ ಲೆಕ್ಕ ಫೈಲೊಂದಕ್ಕೆ 51,200 ಕೆಬಿ, ಪ್ರಕ್ರಿಯೆಗೆ ಮೂರು ಫೈಲ್. ಮೂರೂ ತುಂಬಿದರೆ ಹಳೆಯದು ಹೋಗಿ ಹೊಸದು ಬರುತ್ತದೆ. ಕಾಮ್‌ವಾಲ್ಟ್‌ನಲ್ಲಿ ಫೈಲಿನ ಗಾತ್ರ ಇನ್ನೂ ಚಿಕ್ಕದು. ಡೀಫಾಲ್ಟ್ ಲೆವೆಲ್‌ನಲ್ಲಿ ಆ ಜಾಗ ದಿನಗಟ್ಟಲೆ ಸಾಕಾಗುತ್ತದೆ. ಡಿಬಗ್‌ಗೆ ಏರಿಸಿದ ರಾತ್ರಿ ಅದೇ ಜಾಗ ಕೆಲವೇ ತಾಸಿನಲ್ಲಿ ತುಂಬುತ್ತದೆ. ಎರಡು ಗಂಟೆಗೆ ಜಾಬ್ ಬಿದ್ದಿರುತ್ತದೆ, ಹತ್ತು ಗಂಟೆಗೆ ನೀವು ಬಂದು ನೋಡಿದರೆ ಲಾಗ್‌ನ ಮೊದಲ ಸಾಲೇ ಐದೂವರೆಯದು. ಹೆಚ್ಚು ಕಾಣಲಿ ಎಂದು ಏರಿಸಿದ್ದು, ಕಾಣಬೇಕಾದ ಹೊತ್ತನ್ನೇ ಅಳಿಸಿಹಾಕಿದೆ.

ಆದ್ದರಿಂದ ಲೆವೆಲ್ ಏರಿಸುವಾಗ ಫೈಲ್‌ಗಳ ಸಂಖ್ಯೆಯನ್ನೂ ಅದರ ಜೊತೆಗೇ ಏರಿಸಬೇಕು. ಇಲ್ಲವಾದರೆ ಜಾಬ್ ಬಿದ್ದ ಕೂಡಲೇ ಲಾಗ್ ಅನ್ನು ಬೇರೆ ಕಡೆಗೆ ನಕಲು ಮಾಡುವ ಚಿಕ್ಕ ಸ್ಕ್ರಿಪ್ಟ್ ಕಟ್ಟಿಡಬೇಕು. ಎರಡೂ ಮಾಡಲಾಗದಿದ್ದರೆ ಏರಿಸುವುದೇ ಬೇಡ, ಮುಂದಿನ ಪಾಠದಂತೆ ಹಗಲಲ್ಲಿ ಮಾಡಿ.

5. ಸಾಧ್ಯವಾದರೆ ಹಗಲಲ್ಲಿ, ಒಂದೇ ಫೋಲ್ಡರ್‌ನ ಮೇಲೆ

ರಾತ್ರಿಯ ನಲವತ್ತು ಜಾಬ್‌ಗಳ ಗದ್ದಲದಲ್ಲಿ ಒಂದು ದೋಷ ಹುಡುಕುವುದಕ್ಕಿಂತ ಹಗಲು ಆ ಒಂದೇ ಯಂತ್ರದ ಒಂದು ಚಿಕ್ಕ ಫೋಲ್ಡರ್‌ಗೆ ಪರೀಕ್ಷೆಯ ಜಾಬ್ ಕಟ್ಟಿ, ಲೆವೆಲ್ ಏರಿಸಿ, ಓಡಿಸಿ, ಲಾಗ್ ಎತ್ತಿಕೊಂಡು ಇಳಿಸಿಬಿಡುವುದು ಮೇಲು. ದೋಷ ಹಗಲಲ್ಲಿ ಬರದಿದ್ದರೆ ಅದೂ ಒಂದು ಸುಳಿವು. ಹಾಗಾದರೆ ರಾತ್ರಿಗೆ ಮಾತ್ರ ಇರುವುದೇನು? ಆ್ಯಂಟಿವೈರಸ್ ಸ್ಕ್ಯಾನ್, ದಿನಾಂತ್ಯದ ಲೆಕ್ಕ, ವಿದ್ಯುತ್ ಹೋಗಿ ಜನರೇಟರ್‌ಗೆ ಬದಲಾಗುವ ಗಳಿಗೆ.

6. ಏರಿಸುವ ಹೊತ್ತಿಗೇ ಇಳಿಸುವ ದಿನ ಬರೆದಿಡಿ

ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಡದ್ದು. ಕಬ್ಬು ನುರಿಯುವ ಹಂಗಾಮಿನ ನಡುವೆ ಒಂದು ಜಾಬ್ ಪದೇ ಪದೇ ಬೀಳುತ್ತಿತ್ತು. ದೂರದಿಂದ ಸಪೋರ್ಟ್ ಕೊಡುವವರು ಲೆವೆಲ್ ಪೂರ್ತಿ ಏರಿಸಲು ಹೇಳಿದರು, ಲಾಗ್ ತರಿಸಿಕೊಂಡರು, ಕಾರಣ ಹುಡುಕಿಕೊಟ್ಟರು, ಕೇಸ್ ಮುಚ್ಚಿದರು. ಇಳಿಸಲು ಯಾರೂ ಹೇಳಲಿಲ್ಲ. ಕೆಲವು ವಾರದ ನಂತರ ಡಿಸ್ಕ್ ತುಂಬಿತು. ತುಂಬಿದ್ದು ಡೇಟಾದಿಂದಲ್ಲ, ಲಾಗ್‌ನಿಂದ. ಬ್ಯಾಕಪ್‌ನ ಕ್ಯಾಟಲಾಗ್, ಅಂದರೆ ಯಾವುದು ಎಲ್ಲಿದೆ ಎಂಬ ಪಟ್ಟಿ, ಅದೇ ಡಿಸ್ಕಿನಲ್ಲಿದ್ದುದರಿಂದ ಹೊಸ ಜಾಬ್ ಒಂದೂ ಶುರುವಾಗಲಿಲ್ಲ. ಮೂಲ ದೋಷದಿಂದ ಬಿದ್ದದ್ದು ಒಂದು ಜಾಬ್. ಅದರ ಔಷಧಿಯಿಂದ ಎಲ್ಲವೂ ಬಿದ್ದವು. ಗೇಟಿನ ತೂಕದ ಕಾಟಾದ ಲೆಕ್ಕ ಆ ವಾರ ಬರೀ ಒಂದೇ ಪ್ರತಿಯಲ್ಲಿ ನಿಂತಿತ್ತು, ರೈತರ ಬಿಲ್ಲು ಅದರ ಮೇಲೆಯೇ ಆಗಬೇಕು.

ಕೆಲವು ತಂತ್ರಾಂಶಗಳಲ್ಲಿ ಏರಿಕೆ ತಾನಾಗಿಯೇ ತಾತ್ಕಾಲಿಕ. ಬಾಕ್ಯುಲಾದಲ್ಲಿ ಕನ್ಸೋಲ್‌ನಿಂದ ಡಿಬಗ್ ಏರಿಸಿದರೆ ಆ ಸರ್ವಿಸ್ ಮತ್ತೆ ಶುರುವಾದಾಗ ಹಳೆಯದಕ್ಕೆ ಮರಳುತ್ತದೆ. ನೆಟ್‌ಬ್ಯಾಕಪ್‌ನ ಸಂರಚನಾ ಫೈಲಿನಲ್ಲಿ, ವಿಂಡೋಸ್ ರಿಜಿಸ್ಟ್ರಿಯಲ್ಲಿ ಬರೆದದ್ದು ಹಾಗಲ್ಲ. ಬರೆದವರು ಕೆಲಸ ಬಿಟ್ಟು ಹೋದರೂ ಅದು ಅಲ್ಲೇ ಇರುತ್ತದೆ. ಐಬಿಎಂನ ಟ್ರೇಸ್‌ನಲ್ಲಿ ಗಾತ್ರಕ್ಕೆ ಮಿತಿ ಹಾಕುವ ಅವಕಾಶವಿದೆ, ಅದನ್ನು ಹಾಕದೆ ಟ್ರೇಸ್ ಶುರುಮಾಡಬೇಡಿ. ಅದೇ ತಂತ್ರಾಂಶದ ಕ್ಲೈಂಟ್ ಲಾಗ್‌ಗಳನ್ನು ಎಷ್ಟು ದಿನ ಇಡಬೇಕು ಎಂದು ನೀವು ಹೇಳದಿದ್ದರೆ ಅದು ಎಂದೂ ಅಳಿಸುವುದಿಲ್ಲ. ಹಳೆ ಸರ್ವರ್‌ಗಳಲ್ಲಿ ತೆರೆಯಲಾರದಷ್ಟು ದೊಡ್ಡ ಲಾಗ್ ಫೈಲ್ ಕಂಡರೆ ಕಾರಣ ಇದೇ.

ನಮ್ಮ ಪದ್ಧತಿ ಸಾದಾ. ಒಂದು ಕಾಗದದ ರಿಜಿಸ್ಟರ್. ಯಂತ್ರ, ಪ್ರಕ್ರಿಯೆ, ಹಳೆ ಅಂಕಿ, ಹೊಸ ಅಂಕಿ, ಯಾರು ಹೇಳಿದ್ದು, ಯಾವತ್ತು ಇಳಿಸುವುದು, ಇಳಿಸಿದವರ ಸಹಿ. ಕೊನೆಯ ಕಾಲಂ ಖಾಲಿ ಇರುವ ಸಾಲು ಸೋಮವಾರ ಬೆಳಿಗ್ಗೆ ಕಣ್ಣಿಗೆ ಹೊಡೆಯುತ್ತದೆ. ಜೊತೆಗೆ, ಲಾಗ್‌ಗೆ ಬೇರೆ ಪಾರ್ಟಿಷನ್ ಕೊಡಿ. ಆಮೇಲೆ ಅದು ತುಂಬಿದರೂ ಸಾಯುವುದು ಲಾಗ್ ಮಾತ್ರ.

ಸರ್ವಿಸ್ ರೀಸ್ಟಾರ್ಟ್ ಮಾಡಿದರೇ ಹೊಸ ಲೆವೆಲ್ ಹಿಡಿಯುವ ತಂತ್ರಾಂಶಗಳೂ ಇವೆ. ಓಡುತ್ತಿರುವ ಜಾಬ್ ಇದೆಯೇ ಎಂದು ನೋಡದೆ ರೀಸ್ಟಾರ್ಟ್ ಒತ್ತುವವರನ್ನು ಆ ಕೋಣೆಯಿಂದ ದೂರ ಇಡಿ.

7. ಹಳದಿ ಬಣ್ಣ

"ಸರ, ಹಸರ ಬಂದಿಲ್ರಿ, ಹಳದಿ ಬಂದೈತ್ರಿ. ನಡೀತೈತಲ್ರಿ?"

"ಯಾವ ಫೈಲ್ ಬಿಟ್ಟೈತಿ ನೋಡಿ ಹೇಳ್ರಿ."

ವಾರಕ್ಕೊಮ್ಮೆಯಾದರೂ ಈ ಮಾತು ನಡೆಯುತ್ತದೆ. ಹಳದಿ ಎಂದರೆ ಅರ್ಧಂಬರ್ಧ ಯಶಸ್ಸು. ಜಾಬ್ ಮುಗಿದಾಗ ಬರುವ ಸಂಖ್ಯೆ ನೋಡಿ: ನೆಟ್‌ಬ್ಯಾಕಪ್‌ನಲ್ಲಿ 1 ಎಂದರೆ ಭಾಗಶಃ ಯಶಸ್ವಿ. ಐಬಿಎಂನಲ್ಲಿ 4 ಎಂದರೆ ಕೆಲವು ಫೈಲ್ ಬಿಟ್ಟಿದೆ, 8 ಎಂದರೆ ಎಚ್ಚರಿಕೆ ಇದೆ, 12 ಎಂದರೆ ದೋಷ. ಆರ್‌ಸಿಂಕ್ ಎಂಬ ನಕಲು ಉಪಕರಣದಲ್ಲಿ 24 ಬಂದರೆ ನಕಲು ಮಾಡುವಷ್ಟರಲ್ಲಿ ಕೆಲವು ಫೈಲ್ ಮಾಯವಾಗಿವೆ, ಬಹುತೇಕ ನಿರಪಾಯ. 23 ಬಂದರೆ ಕೆಲವು ಫೈಲ್ ನಕಲಾಗಿಲ್ಲ, ಕೂತು ನೋಡಬೇಕು.

ಎಚ್ಚರಿಕೆ, ದೋಷ ಎಂಬ ಲೆವೆಲ್‌ಗಳನ್ನು ನಿರ್ಧರಿಸಿದವರು ತಂತ್ರಾಂಶ ಬರೆದವರು, ನೀವಲ್ಲ. ಹತ್ತು ಲಕ್ಷ ಫೈಲ್‌ನಲ್ಲಿ ಒಂದು ತೆರೆಯಲಾಗಲಿಲ್ಲ ಎಂದರೆ ಅವರ ಲೆಕ್ಕದಲ್ಲಿ ಅದು ಬರೀ ಎಚ್ಚರಿಕೆ. ಆದರೆ ಆ ಒಂದು ಫೈಲ್ ಪತ್ತಿನ ಸಂಘದ ಡೇಟಾಬೇಸ್ ಆಗಿದ್ದರೆ? ರಾತ್ರಿ ಯಾರೋ ಲೆಕ್ಕದ ತಂತ್ರಾಂಶ ಮುಚ್ಚದೆ ಮನೆಗೆ ಹೋಗಿರುತ್ತಾರೆ, ಫೈಲ್ ತೆರೆದೇ ಇರುತ್ತದೆ, ಬ್ಯಾಕಪ್ ಅದನ್ನು ದಾಟಿ ಮುಂದೆ ಹೋಗುತ್ತದೆ. ಉಳಿದ 9,99,999 ಫೈಲ್ ಡೆಸ್ಕ್‌ಟಾಪ್ ಹಿನ್ನೆಲೆಯ ಚಿತ್ರ, ಹಳೆ ನಮೂನೆ, ಸ್ಕ್ಯಾನ್ ಮಾಡಿದ ಕಾಗದ. ಹಳದಿ ಬಣ್ಣಕ್ಕೆ ಈ ವ್ಯತ್ಯಾಸ ಗೊತ್ತಿಲ್ಲ.

ಲೆವೆಲ್ ಏರಿಸಿದರೆ ಇದು ಸರಿಹೋಗುವುದಿಲ್ಲ. ಬೇಕಾದದ್ದು ನಿಮ್ಮದೇ ಒಂದು ನಿಯಮ. ಸಂಸ್ಥೆ ಬದುಕಲು ಬೇಕಾದ ಫೈಲ್‌ಗಳ ಪಟ್ಟಿ ಮಾಡಿ. ಅವು ಬಹಳ ಇರುವುದಿಲ್ಲ, ಒಂದು ಹಾಳೆಯಲ್ಲಿ ಮುಗಿಯುತ್ತದೆ. ಆ ಹೆಸರುಗಳಲ್ಲಿ ಒಂದು ಎಚ್ಚರಿಕೆಯ ಸಾಲಿನಲ್ಲಿ ಕಂಡರೂ ಅದನ್ನು ಕೆಂಪು ಎಂದೇ ತಿಳಿದು ಸಂದೇಶ ಕಳಿಸುವ ಸ್ಕ್ರಿಪ್ಟ್ ಬರೆಯಿರಿ. ನನ್ನ ಕೈಯಲ್ಲಿರುವ ಸ್ಕ್ರಿಪ್ಟ್‌ಗಳಲ್ಲಿ ಅತಿ ಚಿಕ್ಕದು ಅದೇ, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

8. ಸಂದೇಶ ಬಾರದಿದ್ದರೆ ಅದೂ ಸಂದೇಶವಾಗಬೇಕು

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಸರಿ, ಬ್ಯಾಕಪ್‌ನಿಂದ ತರೋಣ ಎಂದು ಹೋದರೆ ಬ್ಯಾಕಪ್ ಜಾಗ ಖಾಲಿ. ಡೇಟಾಬೇಸ್ ಇದ್ದದ್ದು 9.6 ಆವೃತ್ತಿ, ಬ್ಯಾಕಪ್ ತೆಗೆಯುವ ಉಪಕರಣ 9.2. ಹಾಗಾಗಿ ಜಾಬ್ ಪ್ರತಿ ಸಲವೂ ಬೀಳುತ್ತಿತ್ತು. ಬಿದ್ದದ್ದನ್ನು ಅದು ಮೇಲ್ ಮಾಡಿಯೂ ತಿಳಿಸುತ್ತಿತ್ತು. ಆದರೆ ಆ ಮೇಲ್‌ಗಳಿಗೆ ಸರಿಯಾದ ಸಹಿ ಇಲ್ಲವೆಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಯಾರಿಗೂ ಸುದ್ದಿ ಮುಟ್ಟಲಿಲ್ಲ. ಕೊನೆಗೆ ಬೇರೆ ಕಾರಣಕ್ಕೆ ತೆಗೆದಿಟ್ಟ, ಸುಮಾರು 6 ತಾಸು ಹಳೆಯ ಪ್ರತಿಯೊಂದು ಕೈಹಿಡಿಯಿತು. ಈ ಇಡೀ ಕಥೆಯನ್ನು ಅವರೇ ಬಹಿರಂಗವಾಗಿ ಬರೆದಿದ್ದಾರೆ, ಅದಕ್ಕೊಂದು ಗೌರವ ಸಲ್ಲಬೇಕು.

ಲಾಗ್ ಲೆವೆಲ್ ಸರಿ ಇತ್ತು, ಸಂದೇಶ ಸರಿ ಇತ್ತು, ದಾರಿ ಮಾತ್ರ ಕಡಿದಿತ್ತು. ಹಾಗಾಗಿ ನಮ್ಮಲ್ಲಿ ಕೆಟ್ಟ ಸುದ್ದಿಗಷ್ಟೇ ಮೇಲ್ ಕಳಿಸುವ ಪದ್ಧತಿ ಇಲ್ಲ. ಪ್ರತಿ ದಿನ ಬೆಳಿಗ್ಗೆ ಎಂಟಕ್ಕೆ ಒಂದು ಸಾಲು ಬರಲೇಬೇಕು, ಒಳ್ಳೆಯದೋ ಕೆಟ್ಟದ್ದೋ. ಒಂಬತ್ತಾದರೂ ಬರದಿದ್ದರೆ ಫೋನ್ ಮಾಡುವುದು ಲೆಕ್ಕಿಗರ ಕೆಲಸ. ಬಾಕ್ಯುಲಾ ಬಳಸುವವರು ಇನ್ನೊಂದು ನೋಡಿಕೊಳ್ಳಿ. ಅದರ ಸಂದೇಶಗಳ ವಿಭಾಗದಲ್ಲಿ "ಎಲ್ಲವೂ, ಆದರೆ ಬಿಟ್ಟ ಫೈಲ್‌ಗಳನ್ನು ಹೊರತುಪಡಿಸಿ" ಎಂಬ ಅರ್ಥದ ಸಾಲು ಮಾದರಿ ಸಂರಚನೆಯಲ್ಲೇ ಇರುತ್ತದೆ. ಮೇಲ್ ಚಿಕ್ಕದಾಗಲಿ ಎಂದು ಇಟ್ಟದ್ದು. ಇರಬೇಕೋ ಬೇಡವೋ ಎಂದು ಒಮ್ಮೆ ಯೋಚಿಸಿ ಇಡಿ.

9. ಗಡಿಯಾರ

ವಿದ್ಯುತ್ ಹೋಗಿ ಬಂದು, ಹಳೆ ಬ್ಯಾಟರಿಯ ಸರ್ವರ್‌ಗಳ ಗಡಿಯಾರ ಹಿಂದೆ ಬೀಳುತ್ತದೆ. ಕಳಿಸುವ ಯಂತ್ರ ಏಳು ನಿಮಿಷ ಹಿಂದೆ, ಬರೆಯುವ ಯಂತ್ರ ಮೂರು ನಿಮಿಷ ಮುಂದೆ ಇದ್ದರೆ ಎರಡರ ಲಾಗ್ ಅಕ್ಕಪಕ್ಕ ಇಟ್ಟು ಏನೂ ತಿಳಿಯದು. ಉತ್ತರ ಪ್ರಶ್ನೆಗಿಂತ ಮೊದಲೇ ಬಂದಂತೆ ಕಾಣುತ್ತದೆ. ಕೆಲವು ಲಾಗ್‌ಗಳು ಗ್ರೀನ್‌ವಿಚ್ ಲೆಕ್ಕದ ಸಮಯ ಬರೆಯುತ್ತವೆ. ನಮ್ಮ ಬುಧವಾರ ಬೆಳಗಿನ ಜಾವ 2 ಗಂಟೆ ಅಲ್ಲಿ ಮಂಗಳವಾರ ರಾತ್ರಿ 8.30. ತಾರೀಖೇ ಬೇರೆ.

ಈಗ ಇದು ಕಾನೂನಿನ ಮಾತೂ ಹೌದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ತಾಸಿನೊಳಗೆ ವರದಿ ಮಾಡಬೇಕು. 180 ದಿನ ಎಂಬುದನ್ನು ಕೇಳಿ ಎಲ್ಲವನ್ನೂ ಡಿಬಗ್‌ಗೆ ಏರಿಸಿ ಆರು ತಿಂಗಳು ಕೂಡಿಡಲು ಹೊರಟವರನ್ನು ನೋಡಿದ್ದೇನೆ. ನನ್ನ ಮಟ್ಟಿಗೆ, ಯಾರು ಯಾವಾಗ ಒಳಗೆ ಬಂದರು, ಯಾವ ಜಾಬ್ ಏನಾಯಿತು, ಯಾರು ಏನು ಬದಲಾಯಿಸಿದರು, ಈ ಲಾಗ್‌ಗಳು ಅಷ್ಟು ದಿನ ಇರಬೇಕು. ಡಿಬಗ್ ಲಾಗ್ ಕೇಸ್ ಮುಗಿದ ದಿನ ಹೋಗಲಿ.

10. ಲಾಗ್ ಅಳಿಸುವುದೂ ಕೆಲಸವೇ, ಅಪಾಯದ ಕೆಲಸ

ಹೆಚ್ಚು ಬರೆಸಿದರೆ ಹೆಚ್ಚು ಅಳಿಸಬೇಕು. ಅಳಿಸುವ ಸ್ಕ್ರಿಪ್ಟ್ ಅನ್ನು ಮಾತ್ರ ಯಾರೂ ಗಮನವಿಟ್ಟು ಬರೆಯುವುದಿಲ್ಲ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರ ನಡುವೆ ನಡೆದದ್ದನ್ನು ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ. ಅಲ್ಲಿನ ಬ್ಯಾಕಪ್ ವ್ಯವಸ್ಥೆಯಲ್ಲಿ ಹತ್ತು ದಿನಕ್ಕಿಂತ ಹಳೆಯ ಲಾಗ್‌ಗಳನ್ನು ಅಳಿಸುವ ಶೆಲ್ ಸ್ಕ್ರಿಪ್ಟ್ ಇತ್ತು. ವ್ಯವಸ್ಥೆ ಒದಗಿಸಿದ ಕಂಪನಿ ಆ ಸ್ಕ್ರಿಪ್ಟ್ ಅನ್ನು ಸುಧಾರಿಸಿ, ಹಳೆಯದು ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆಯಿತು. ಬ್ಯಾಷ್ ಶೆಲ್ ಸ್ಕ್ರಿಪ್ಟ್ ಅನ್ನು ಒಂದೇ ಸಲ ಪೂರ್ತಿ ಓದಿಕೊಳ್ಳುವುದಿಲ್ಲ, ಓಡುತ್ತ ಓಡುತ್ತ ಓದುತ್ತದೆ. ಅರ್ಧ ದಾರಿಯಲ್ಲಿ ಹೊಸ ಸಾಲುಗಳು ಸಿಕ್ಕವು. ಆ ಸಾಲುಗಳಲ್ಲಿದ್ದ ಫೋಲ್ಡರ್ ಹೆಸರಿನ ಚರಕ್ಕೆ ಬೆಲೆಯೇ ಇರಲಿಲ್ಲ. ಲಾಗ್ ಫೋಲ್ಡರ್ ಬದಲು ಸಂಶೋಧಕರ ಫೈಲ್‌ಗಳೇ ಅಳಿಸಿಹೋದವು: ಸುಮಾರು 77 ಟಿಬಿ, 3 ಕೋಟಿ 40 ಲಕ್ಷ ಫೈಲ್, 14 ಸಂಶೋಧನಾ ತಂಡಗಳದ್ದು. ಅವುಗಳಲ್ಲಿ 4 ತಂಡಗಳ ಡೇಟಾವನ್ನು ಬ್ಯಾಕಪ್‌ನಿಂದಲೂ ತರಲಾಗಲಿಲ್ಲ.

ಅಳಿಸಿದ್ದು ವೈರಸ್ ಅಲ್ಲ, ಕಳ್ಳರಲ್ಲ, ಲಾಗ್ ಸ್ವಚ್ಛ ಮಾಡುವ ನಾಲ್ಕು ಸಾಲು. ಆ ಸ್ಕ್ರಿಪ್ಟ್‌ನಲ್ಲಿ ಬೆಲೆಯಿಲ್ಲದ ಚರ ಕಂಡ ಕೂಡಲೇ ನಿಂತುಬಿಡುವ ಒಂದು ಆಯ್ಕೆ ಹಾಕಿದ್ದರೆ ಸಾಕಿತ್ತು. ನಮ್ಮ ಸರ್ವರ್‌ಗಳಲ್ಲಿ ಅಳಿಸುವ ಪ್ರತಿ ಸ್ಕ್ರಿಪ್ಟ್‌ಗೂ ಈಗ ಮೂರು ಷರತ್ತು. ಫೋಲ್ಡರ್ ಹೆಸರು ಚರದಲ್ಲಿ ಬೇಡ, ಪೂರ್ತಿ ಬರೆಯಬೇಕು. ಅದು ಓಡುವ ಬಳಕೆದಾರ ಖಾತೆಗೆ ಲಾಗ್ ಫೋಲ್ಡರ್ ಬಿಟ್ಟು ಬೇರೆಲ್ಲೂ ಬರೆಯುವ ಹಕ್ಕು ಇರಬಾರದು. ಬದಲಾಯಿಸುವಾಗ ಮೊದಲು ನಿಲ್ಲಿಸಬೇಕು. ಸಾಧ್ಯವಿದ್ದಲ್ಲಿ ನಾನು ಸ್ಕ್ರಿಪ್ಟ್ ಅನ್ನೇ ತೆಗೆದು ತಂತ್ರಾಂಶದೊಳಗಿನ "ಇಷ್ಟು ದಿನ ಇಡು" ಎಂಬ ಆಯ್ಕೆಗೇ ಬಿಟ್ಟಿದ್ದೇನೆ.

11. ಡಿಬಗ್ ಲಾಗ್ ಹೊರಗೆ ಕಳಿಸುವ ಮೊದಲು ಓದಿ

ಡಿಬಗ್ ಲೆವೆಲ್‌ನಲ್ಲಿ ತಂತ್ರಾಂಶ ಏನೇನು ಬರೆಯುತ್ತದೆ ಎಂದು ನೋಡಿದರೆ ಗಾಬರಿಯಾಗುತ್ತದೆ. ಬಳಕೆದಾರರ ಹೆಸರು, ಯಂತ್ರಗಳ ವಿಳಾಸ, ಕೆಲವೊಮ್ಮೆ ಪಾಸ್‌ವರ್ಡ್ ಇರುವ ಪೂರ್ತಿ ಆದೇಶ ಸಾಲು. ನಮ್ಮ ಕಡೆ ಇನ್ನೊಂದು ಅಭ್ಯಾಸವಿದೆ. ಸ್ಕ್ಯಾನ್ ಮಾಡಿದ ಕಾಗದಕ್ಕೆ ಗ್ರಾಹಕರ ಹೆಸರು, ಊರು, ಖಾತೆ ಸಂಖ್ಯೆ ಸೇರಿಸಿ ಫೈಲ್ ಹೆಸರು ಕೊಡುತ್ತಾರೆ. ಆ ಹೆಸರುಗಳೆಲ್ಲ ಲಾಗ್‌ನಲ್ಲಿ ಸಾಲುಸಾಲಾಗಿ ನಿಲ್ಲುತ್ತವೆ. ಅದನ್ನು ಜಿಪ್ ಮಾಡಿ ಬೇರೆ ದೇಶದ ಸಪೋರ್ಟ್‌ಗೆ ಕಳಿಸಿದರೆ ಸಾಲಗಾರರ ಪಟ್ಟಿಯನ್ನೇ ಕಳಿಸಿದಂತೆ. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲಿ ಮೂಲ ಸೈಬರ್ ಸುರಕ್ಷತಾ ಚೌಕಟ್ಟು ಕೊಟ್ಟಿತು, 2019ರ ಡಿಸೆಂಬರ್ 31ಕ್ಕೆ ಅದನ್ನು ನಾಲ್ಕು ಹಂತಗಳಾಗಿ ಬೆಳೆಸಿತು. ಲಾಗ್ ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಏನಿದೆ ಎಂದು ಲೆಕ್ಕಪರಿಶೋಧಕರು ಈಗ ಕೇಳುತ್ತಾರೆ.

ಲಾಗ್‌ನ ಒಂದು ಪ್ರತಿ ಬ್ಯಾಕಪ್ ಸರ್ವರ್‌ನ ಹೊರಗಿರಲಿ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ತಾಂತ್ರಿಕ ಸೇವಾ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದನ್ನು ಆ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ನಿಂತಿತು. ಇಂಥ ದಾಳಿ ಮಾಡುವವರು ಸಾಮಾನ್ಯವಾಗಿ ಬ್ಯಾಕಪ್ ಹುಡುಕಿ ಹಾಳು ಮಾಡುತ್ತಾರೆ, ಲಾಗ್ ಅಳಿಸುತ್ತಾರೆ. ಹೊರಗಿನ ಒಂದು ಹಳೆ ಯಂತ್ರಕ್ಕೆ ಸಿಸ್‌ಲಾಗ್ ಮೂಲಕ ಎಚ್ಚರಿಕೆ ಮತ್ತು ಅದಕ್ಕಿಂತ ಗಂಭೀರವಾದದ್ದನ್ನು ಕಳಿಸುತ್ತಿದ್ದರೆ ಕಥೆಯ ಅರ್ಧವಾದರೂ ಉಳಿಯುತ್ತದೆ. ಖರ್ಚು ಬಹಳ ಇಲ್ಲ.

12. ಬೇಸಿಗೆ ಲಾಗ್‌ನಲ್ಲಿ ಬರೆದಿರುವುದಿಲ್ಲ

ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಎಲ್ಲರೂ ಹೋದ ಮೇಲೆ ಕಾವಲುಗಾರ ಕರೆಂಟ್ ಉಳಿಸಲು ಸರ್ವರ್ ಕೋಣೆಯ ಎಸಿ ಆರಿಸುತ್ತಾನೆ. ಯಾರೋ ಹಿರಿಯರು ಹೇಳಿರುತ್ತಾರೆ. ನಡುರಾತ್ರಿ ಡಿಸ್ಕ್ ಅಥವಾ ಟೇಪ್ ಡ್ರೈವ್ ತಡವರಿಸುತ್ತದೆ. ಲಾಗ್‌ನಲ್ಲಿ ಬರುವುದು "ಬರೆಯಲಾಗಲಿಲ್ಲ" ಎಂದಷ್ಟೇ. ಲೆವೆಲ್ ಏರಿಸಿದರೆ "ಬರೆಯಲಾಗಲಿಲ್ಲ" ಎಂಬುದೇ ಇನ್ನಷ್ಟು ಸಾಲುಗಳಲ್ಲಿ ಬರುತ್ತದೆ. ದೋಷ ಮಾರ್ಚ್‌ನಿಂದ ಶುರುವಾಗಿ ಮಳೆ ಬಿದ್ದ ಮೇಲೆ ನಿಂತರೆ ಬ್ಯಾಕಪ್ ತಂತ್ರಾಂಶ ಬಿಟ್ಟು ಕಾವಲುಗಾರನ ಜೊತೆ ಚಹಾ ಕುಡಿಯಿರಿ.

13. ಒಳ್ಳೆಯ ರಾತ್ರಿಯ ಲಾಗ್ ಒಂದನ್ನು ತೆಗೆದಿಡಿ

ಡಿಬಗ್ ಲಾಗ್‌ನಲ್ಲಿ ದೋಷ ಎಂಬ ಪದ ಹುಡುಕಿದರೆ ಚೆನ್ನಾಗಿ ನಡೆದ ಜಾಬ್‌ನಲ್ಲೂ ನೂರು ಕಡೆ ಸಿಗುತ್ತದೆ. ಒಂದು ದಾರಿ ಸಿಗದೆ ಇನ್ನೊಂದು ದಾರಿ ಹಿಡಿದದ್ದನ್ನೂ ತಂತ್ರಾಂಶ ದೋಷ ಎಂದೇ ಬರೆದಿರುತ್ತದೆ. ಹಸಿರು ಬಂದ ದಿನದ ಡಿಬಗ್ ಲಾಗ್ ಕೈಯಲ್ಲಿದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ಎಲ್ಲಿ ದಾರಿ ಬೇರೆಯಾಯಿತು ಎಂದು ನೋಡಬಹುದು. ಹೊಸ ಆವೃತ್ತಿ ಹಾಕಿದಾಗಲೆಲ್ಲ ಹೊಸದಾಗಿ ಒಂದು ತೆಗೆದಿಡಬೇಕು, ಸಾಲುಗಳ ರೂಪ ಬದಲಾಗುತ್ತಿರುತ್ತದೆ.

14. ರೀಸ್ಟೋರ್‌ಗೂ ಲಾಗ್ ಇದೆ

ಬ್ಯಾಕಪ್ ಲಾಗ್ ನೋಡುವವರು ಹತ್ತು ಜನ ಇದ್ದರೆ ರೀಸ್ಟೋರ್ ಲಾಗ್ ನೋಡುವವರು ಒಬ್ಬರು, ಅದೂ ಮನೆಗೆ ಬೆಂಕಿ ಬಿದ್ದ ದಿನ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆಂದು ಒಂದಿಷ್ಟು ಡೇಟಾ ಮರಳಿ ತರುವಾಗ ಆ ಲಾಗ್ ಅನ್ನು ಡೀಫಾಲ್ಟ್ ಲೆವೆಲ್‌ನಲ್ಲೇ ಸಾವಕಾಶ ಓದಿ. ಶುರುವಾದ ಹೊತ್ತು, ಮುಗಿದ ಹೊತ್ತು, ಬಂದ ಜಿಬಿ, ಇಷ್ಟರಿಂದ ಇಡೀ ಸಂಸ್ಥೆ ಎದ್ದು ನಿಲ್ಲಲು ಎಷ್ಟು ತಾಸು ಬೇಕು ಎಂದು ಲೆಕ್ಕ ಹಾಕಬಹುದು. ಆಡಳಿತ ಮಂಡಳಿಯವರು ಕೇಳುವುದು ಅದೊಂದನ್ನೇ.

ಒಂದು ಆಸ್ಪತ್ರೆಯ ಪರೀಕ್ಷೆಯಲ್ಲಿ ಲಾಗ್ ಹೇಳಿದ ಲೆಕ್ಕ ವಿಚಿತ್ರವಾಗಿತ್ತು. ಡೇಟಾ ಓದಿದ ಹೊತ್ತಿಗಿಂತ ಟೇಪ್‌ಗಾಗಿ ಕಾದ ಹೊತ್ತೇ ಹೆಚ್ಚು. "ಟೇಪ್ ಹಾಕಿ" ಎಂಬ ಸಂದೇಶ ಮತ್ತೆ ಮತ್ತೆ ಬಂದಿತ್ತು. ಡ್ರೈವ್ ಸರಿ ಇತ್ತು, ಟೇಪ್ ಸರಿ ಇತ್ತು. ಟೇಪ್ ಇಟ್ಟ ಕಪಾಟಿನ ಕೀ, ಮದುವೆಗೆಂದು ತಿಕೋಟಾಕ್ಕೆ ಹೋಗಿದ್ದ ಲೆಕ್ಕಿಗರ ಕಿಸೆಯಲ್ಲಿತ್ತು. ಮರುದಿನ ಎರಡನೆಯ ಕೀ ಮಾಡಿಸಿದರು.